ನಲವತ್ತು ವರ್ಷ ತಡವಾಗಿ ಎರಡನೇ ಬೇಸಿಗೆ

ಭಾನುವಾರ

ಬೆಳಗಿನ ಜಾವ ನಾಲ್ಕೂವರೆ. ಹೊರಗೆ ಮೈನಸ್ 12 ಡಿಗ್ರಿ. ಅಮ್ಮ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಳು. ಅಮ್ಮನಿಗೆ ಈಗ 76 ವರ್ಷ. ಫ್ಲಾರಿಡಾದಲ್ಲಿ ಒಂದು ವಾರದ ಬೇಸ್‌ಬಾಲ್ ಕ್ಯಾಂಪಿಗೆ ಹೊರಟಿದ್ದೆ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಕರೆಸುತ್ತೇನೆ ಅಂತ ಹಿಂದಿನ ರಾತ್ರಿಯೇ ಹೇಳಿದ್ದೆ. "ಸುಮ್ನಿರೋ, ನಾನೇ ಬಿಡ್ತೀನಿ" ಅಂದಿದ್ದಳು. ಯಾಕೆ ಹಾಗೆ ಹಟ ಹಿಡಿದಳು ಅಂತ ನನಗೆ ಗೊತ್ತಿತ್ತು. ಅದಕ್ಕೇ ಮತ್ತೆ ಮಾತಾಡಲಿಲ್ಲ.

ಅದನ್ನು ಹೇಳಬೇಕಾದರೆ 1984ಕ್ಕೆ ಹೋಗಬೇಕು. ನಾವು ಬಸವನಗುಡಿ ಬಿಟ್ಟು ಮಿಶಿಗನ್‌ಗೆ ಬಂದು ಒಂದು ವರ್ಷ ಆಗಿತ್ತು. ನನಗೆ 11. ಅಪ್ಪ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಬರುವಷ್ಟರಲ್ಲಿ ಕತ್ತಲು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಪಕ್ಕದ ಮನೆಯ ಪೋಲಿಷ್ ಅಜ್ಜಿ ಒಂದು ಹಳೇ ರೇಡಿಯೋ ತಂದುಕೊಟ್ಟು, ದಿನಾ ಕೇಳು, ಭಾಷೆ ತಾನಾಗಿ ಬರುತ್ತೆ ಅಂದರು. ಅದರಲ್ಲಿ ಬರುತ್ತಿದ್ದದ್ದು ಅರ್ನಿ ಹಾರ್ವೆಲ್ ಅವರ ದನಿ. 1960ರಿಂದ ಡೆಟ್ರಾಯ್ಟ್ ಟೈಗರ್ಸ್ ತಂಡದ ಬೇಸ್‌ಬಾಲ್ ಆಟವನ್ನು ಜನರ ಕಿವಿಗೆ ಮುಟ್ಟಿಸುತ್ತಿದ್ದವರು. ನಿಧಾನದ ಮಾತು, ಒಂದೊಂದು ಪದವೂ ಬಿಡಿಬಿಡಿ. ಹೊಡೆಯಬಹುದಾದ ಚೆಂಡು ತಪ್ಪಿದರೆ ಒಂದು ಸ್ಟ್ರೈಕ್, ಮೂರಾದರೆ ಔಟ್. ಬ್ಯಾಟ್ ಬೀಸದೆ ಮೂರನೇ ಸ್ಟ್ರೈಕ್‌ಗೆ ಯಾರಾದರೂ ಔಟಾದರೆ "ರಸ್ತೆ ಬದಿಯ ಮನೆಯ ಹಾಗೆ ನಿಂತುಬಿಟ್ಟ" ಅನ್ನುತ್ತಿದ್ದರು. ಅಮ್ಮನಿಗೆ ಪೂರ್ತಿ ಅರ್ಥವಾದ ಮೊದಲ ಇಂಗ್ಲಿಷ್ ವಾಕ್ಯ ಅದು. ಚೆಂಡು ಪ್ರೇಕ್ಷಕರ ಕಡೆ ಹೋದರೆ "ಇಪ್ಸಿಲಾಂಟಿಯವರೊಬ್ಬರು ಹಿಡಿದರು" ಅಂತ ಯಾವುದೋ ಒಂದು ಊರಿನ ಹೆಸರು ಹೇಳುತ್ತಿದ್ದರು. ಅಷ್ಟು ಜನರ ಊರು ಅವರಿಗೆ ಹೇಗೆ ಗೊತ್ತು ಅಂತ ನಾನೂ ಅಮ್ಮನೂ ಎಷ್ಟೋ ದಿನ ಆಶ್ಚರ್ಯಪಟ್ಟಿದ್ದೇವೆ. ಸುಮ್ನೆ ಹೇಳುತ್ತಿದ್ದರು, ಅಷ್ಟೇ. ಆದರೆ ತಮ್ಮ ಊರಿನ ಹೆಸರು ರೇಡಿಯೋದಲ್ಲಿ ಬರುತ್ತೇನೋ ಅಂತ ಇಡೀ ರಾಜ್ಯ ಕಿವಿಗೊಟ್ಟು ಕೂತಿರುತ್ತಿತ್ತು.

ಆ ವರ್ಷ ಟೈಗರ್ಸ್ ಮೊದಲ 40 ಆಟಗಳಲ್ಲಿ 35 ಗೆದ್ದರು. ಅಕ್ಟೋಬರ್‌ನಲ್ಲಿ ವರ್ಷದ ಕೊನೆಯ ಫೈನಲ್ ಆದ ವರ್ಲ್ಡ್ ಸೀರೀಸ್ ಕೂಡ ಗೆದ್ದರು. ಆ ಆರು ತಿಂಗಳೂ ಅಮ್ಮ ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಕನ್ನಡ ಅಂಕಿಗಳಲ್ಲಿ ಆಟದ ಲೆಕ್ಕ ಬರೆದಿದ್ದಾಳೆ. ಬರೆಯುವ ಕ್ರಮ ಪೋಲಿಷ್ ಅಜ್ಜಿ ಹೇಳಿಕೊಟ್ಟದ್ದು. ಬೇಸ್‌ಬಾಲ್‌ನಲ್ಲಿ ಮೈದಾನದ ಒಂದೊಂದು ಜಾಗಕ್ಕೂ ಒಂದೊಂದು ಅಂಕಿ ಇದೆ. ಚೆಂಡು ಎಸೆಯುವ ಪಿಚರ್ 1, ಬ್ಯಾಟ್ ಮಾಡುವವನ ಹಿಂದೆ ಕೂತು ಹಿಡಿಯುವ ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಎರಡನೇ ಮೂರನೇ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಚೆಂಡು ಶಾರ್ಟ್‌ಸ್ಟಾಪ್‌ನ ಕೈಗೆ ಸಿಕ್ಕಿ, ಅಲ್ಲಿಂದ ಎರಡನೇ ಬೇಸಿಗೆ, ಅಲ್ಲಿಂದ ಮೊದಲ ಬೇಸಿಗೆ ಹೋಗಿ ಬೇಸಿಗೆ ಓಡಿಬರುವವರಿಗಿಂತ ಮೊದಲೇ ಮುಟ್ಟಿ ಒಂದೇ ಉಸಿರಿನಲ್ಲಿ ಇಬ್ಬರು ಔಟಾದರೆ 6-4-3. ನಮ್ಮ ಪುಸ್ತಕದಲ್ಲಿ ೬-೪-೩. ಆಗ ಶಾರ್ಟ್‌ಸ್ಟಾಪ್‌ನಲ್ಲಿ ಅಲನ್ ಟ್ರಾಮೆಲ್, ಎರಡನೇ ಬೇಸಿನಲ್ಲಿ ಲೂ ವಿಟೇಕರ್. 1977ರಲ್ಲಿ ಒಂದೇ ದಿನ ಆಡಲು ಶುರುಮಾಡಿದ ಇಬ್ಬರು, ಒಟ್ಟಿಗೆ 1,918 ಆಟ ಆಡಿದರು. ನನಗೆ ವಿಟೇಕರ್ ಆಗಬೇಕಿತ್ತು. ಹೋಮ್ ರನ್ ಹೊಡೆಯುವ ಆಸೆ ಇರಲಿಲ್ಲ. ಆ ನಡುವಿನ 4 ಆಗಬೇಕಿತ್ತು.

ಶಾಲೆಯಿಂದ ಹುಡುಗರ ತಂಡಕ್ಕೆ ಸೇರುವ ಫಾರಂ ತಂದೆ. ಆಟ ಶನಿವಾರ ಬೆಳಿಗ್ಗೆ, ಮೈದಾನ ಎಂಟು ಮೈಲಿ ದೂರ. ಶನಿವಾರವೂ ಅಪ್ಪನಿಗೆ ಕೆಲಸ. ಮನೆಗೆ ಒಂದೇ ಕಾರು, ಅಮ್ಮನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಫಾರಂ ಫ್ರಿಜ್ಜಿನ ಬಾಗಿಲಿನ ಮೇಲೆಯೇ ಸೆಪ್ಟೆಂಬರ್‌ವರೆಗೆ ಇತ್ತು.

ಎರಡು ವರ್ಷದ ನಂತರ ಅಮ್ಮ ಡ್ರೈವಿಂಗ್ ಕಲಿತಳು. ಅಷ್ಟರಲ್ಲಿ ನನ್ನ ವಯಸ್ಸಿನವರು ನನಗಿಂತ ತುಂಬಾ ಮುಂದೆ ಹೋಗಿದ್ದರು. ಈಗ ಈ ಕ್ಯಾಂಪಿಗೆ ಕಟ್ಟಬೇಕಾದ ಕೆಲವು ಸಾವಿರ ಡಾಲರ್‌ನಲ್ಲಿ ಅರ್ಧ ದುಡ್ಡು ಅಮ್ಮನೇ ಕೊಟ್ಟಳು. ನಾನು ಬೇಡ ಅಂದೆ. "ಆ ಫಾರಂ ದುಡ್ಡು ಅಂದ್ಕೋ" ಅಂದಳು.

ಸರಿ, ಲೇಕ್‌ಲ್ಯಾಂಡ್. ಫ್ಲಾರಿಡಾದಲ್ಲಿ ಟ್ಯಾಂಪಾ ಮತ್ತು ಒರ್ಲಾಂಡೊ ನಡುವಿನ ಊರು. ಹೆಸರಿಗೆ ತಕ್ಕ ಹಾಗೆ ಊರ ತುಂಬ ಕೆರೆಗಳು. ಟೈಗರ್ಸ್ 1934ರಿಂದ, ಯುದ್ಧದ ಕೆಲವು ವರ್ಷ ಬಿಟ್ಟು, ಪ್ರತಿ ವಸಂತಕ್ಕೂ ಅಭ್ಯಾಸಕ್ಕೆ ಬರುವುದು ಇಲ್ಲಿಗೇ. ಅವರು ಬರುವ ಮುಂಚೆ, ಜನವರಿಯಲ್ಲಿ, ಅದೇ ಮೈದಾನಗಳಲ್ಲಿ ನಮ್ಮಂಥವರಿಗೆ ಒಂದು ವಾರದ ಕ್ಯಾಂಪ್. ಹಳೇ ಆಟಗಾರರು ಕೋಚ್‌ಗಳು. ಅವರದೇ ಸಮವಸ್ತ್ರ, ಅವರದೇ ಲಾಕರ್ ಕೋಣೆ, ದಿನಕ್ಕೆ ಎರಡು ಆಟ. ಇದಕ್ಕೆ ಫ್ಯಾಂಟಸಿ ಕ್ಯಾಂಪ್ ಅನ್ನುತ್ತಾರೆ. ಶಿಕಾಗೊ ಕಬ್ಸ್‌ನ ಹಳೇ ಕ್ಯಾಚರ್ ರ್‍ಯಾಂಡಿ ಹಂಡ್ಲಿ 1983ರಲ್ಲಿ ಅರಿಜೋನಾದಲ್ಲಿ ಶುರುಮಾಡಿದ್ದು. ಈಗ ಬೇರೆ ತಂಡಗಳೂ ನಡೆಸುತ್ತವೆ.

ವಿಮಾನದಿಂದ ಇಳಿದಾಗ 22 ಡಿಗ್ರಿ. ಜಾಕೆಟ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ. ರಾತ್ರಿ ಎಲ್ಲರೂ ಸೇರಿ ಊಟ, ಪರಿಚಯ. ನನ್ನ ಪಕ್ಕ ಕೂತವರು ರಿಟೈರ್ ಆದ ಪೋಸ್ಟ್‌ಮ್ಯಾನ್, 63 ವರ್ಷ, ಇದು ಅವರಿಗೆ ಒಂಬತ್ತನೇ ಸಲವಂತೆ. ಯಾವ ಊರು ಅಂತ ಕೇಳಿದೆ.

"ಇಪ್ಸಿಲಾಂಟಿ" ಅಂದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನಕ್ಕು, "ನನ್ನಪ್ಪ ಸಾಯೋವರೆಗೂ ಆ ಚೆಂಡು ಹಿಡಿದದ್ದು ತಾನೇ ಅಂತಿದ್ರು" ಅಂದರು.

ಸೋಮವಾರ

ಲಾಕರ್ ಕೋಣೆಯ ಬಾಗಿಲು ತಳ್ಳಿದಾಗ ಇನ್ನೂ ಏಳು ಗಂಟೆ ಆಗಿರಲಿಲ್ಲ. ಸಾಲಾಗಿ ಲಾಕರ್‌ಗಳು, ಒಂದೊಂದರಲ್ಲೂ ಬಿಳಿ ಜೆರ್ಸಿ. ಎದೆಯ ಮೇಲೆ ಹಳೇ ಶೈಲಿಯ ಆ ದೊಡ್ಡ "ಡಿ" ಅಕ್ಷರ. ನನ್ನದನ್ನು ಹುಡುಕಿದೆ. ಬೆನ್ನಿಗೆ 84, ಮೇಲೆ ನನ್ನ ಹೆಸರು, ಒಂದಕ್ಷರವೂ ಬಿಡದೆ. ಈ ದೇಶದ ಶಾಲೆಯಲ್ಲಿ ಯಾರೂ ನನ್ನ ಹೆಸರನ್ನು ಪೂರ್ತಿ ಕರೆದದ್ದಿಲ್ಲ, ಎಲ್ಲರೂ ಮೊದಲ ಎರಡಕ್ಷರಕ್ಕೇ ನಿಲ್ಲಿಸುತ್ತಿದ್ದರು. ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಸ್ವಲ್ಪ ಹೊತ್ತು ಕೂತೆ. 1985ರ ಆಲ್ ಸ್ಟಾರ್ ಆಟಕ್ಕೆ, ಅಂದರೆ ಆಯ್ದ ಆಟಗಾರರ ಆಟಕ್ಕೆ, ವಿಟೇಕರ್ ತಮ್ಮ ಸಮವಸ್ತ್ರ ಮರೆತು ಬಂದು, ಅಂಗಡಿಯ ಜೆರ್ಸಿ ತರಿಸಿ, ಬೆನ್ನ ಮೇಲೆ ಮಾರ್ಕರ್‌ನಲ್ಲಿ 1 ಅಂತ ಬರೆಸಿಕೊಂಡು ಆಡಿದ್ದರು. ಆಮೇಲೆ ನಾನೂ ಒಂದು ಬಿಳಿ ಬನಿಯನ್ ಮೇಲೆ ಹಾಗೇ ಬರೆದುಕೊಂಡಿದ್ದೆ. ಅಮ್ಮ ಎಷ್ಟು ಒಗೆದರೂ ಆ ಒಂದು ಹೋಗಲಿಲ್ಲ.

ಈ ಜಾಗದ ಹೆಸರು ಟೈಗರ್‌ಟೌನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ವಿಮಾನ ಓಡಿಸುವುದನ್ನು ಕಲಿಸುತ್ತಿದ್ದರು. ಆ ಕಾಲದ ಹ್ಯಾಂಗರ್‌ಗಳು ಇನ್ನೂ ನಿಂತಿವೆ. ಅವುಗಳ ಪಕ್ಕದಲ್ಲಿ ಹಸಿರು ಮೈದಾನಗಳು, ಆಚೆ ಲೇಕ್ ಪಾರ್ಕರ್. ಕೆರೆ ದಂಡೆಯಲ್ಲಿ ಮೊಸಳೆ ಇದೆ ಹುಷಾರ್ ಅಂತ ಬೋರ್ಡ್. ಹುಲ್ಲಿನ ಮೇಲೆ ಸಾರಸ ಜಾತಿಯ ಎತ್ತರದ ಹಕ್ಕಿಗಳು, ತಲೆ ಮೇಲೆ ಕೆಂಪು ಕುಂಕುಮ ಇಟ್ಟ ಹಾಗೆ, ನಾವು ಓಡಿಹೋದರೂ ಜಾಗ ಬಿಡುವುದಿಲ್ಲ.

ಬೆಳಿಗ್ಗೆ ಪೂರ್ತಿ ಅಭ್ಯಾಸ. ಕೋಚ್‌ಗಳು ಕೈಯಲ್ಲಿ ಹಾಳೆ ಹಿಡಿದು ನೋಡುತ್ತಿರುತ್ತಾರೆ. ಯಾರು ಓಡುತ್ತಾರೆ, ಯಾರು ಎಸೆಯುತ್ತಾರೆ ಅಂತ ಗುರುತು ಹಾಕಿಕೊಂಡು ಮಧ್ಯಾಹ್ನ ತಮ್ಮ ತಮ್ಮೊಳಗೆ ನಮ್ಮನ್ನು ಹಂಚಿಕೊಂಡು ತಂಡ ಮಾಡುತ್ತಾರೆ. ಯಾವ ಜಾಗ ಬೇಕು ಅಂತ ಕೇಳಿದರು. "ಎರಡನೇ ಬೇಸ್" ಅಂದೆ. ಬೇರೆ ಏನೂ ಹೇಳಲಿಲ್ಲ, ಹೇಳಿದ್ದರೆ ಗಂಟಲು ಕಟ್ಟುತ್ತಿತ್ತು. ಹಂಚಿಕೆ ಆದಮೇಲೆ ನೋಡಿದರೆ ಇಪ್ಸಿಲಾಂಟಿಯ ಪೋಸ್ಟ್‌ಮ್ಯಾನ್ ನಮ್ಮ ತಂಡದ ಶಾರ್ಟ್‌ಸ್ಟಾಪ್. ಕ್ಯಾಚರ್ 58 ವರ್ಷದ ನರ್ಸ್ ಒಬ್ಬರು, ಟೊಲೀಡೊದಿಂದ ಬಂದವರು. ನಮ್ಮೆಲ್ಲರಿಗಿಂತ ಗಟ್ಟಿ ದನಿ ಅವರದು.

ಹೋಗುವವರಿಗೆ ಒಂದು ಮಾತು. ಮೂರು ತಿಂಗಳ ಮೊದಲೇ ಓಡುವುದನ್ನು ಶುರುಮಾಡಿ. ಸುಮ್ನೆ ನಿಧಾನವಾಗಿ ಅಲ್ಲ, ನಿಂತಲ್ಲಿಂದ ಒಮ್ಮೆಲೇ ಓಡುವುದು. ನಾನು ಇಡೀ ಡಿಸೆಂಬರ್ ಗ್ಯಾರೇಜಿನಲ್ಲಿ ಬ್ಯಾಟ್ ಬೀಸುವುದರಲ್ಲೇ ಕಳೆದೆ. ಅದರ ಫಲ ಬುಧವಾರ ಗೊತ್ತಾಯಿತು.

ಮಂಗಳವಾರ

ದಟ್ಟ ಮಂಜು. ಹೋಟೆಲಿಂದ ಮೈದಾನಕ್ಕೆ ಹತ್ತು ನಿಮಿಷದ ದಾರಿ, ಅವತ್ತು ಅರ್ಧ ಗಂಟೆ ಹಿಡಿಯಿತು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಹೊತ್ತು ಹೆದ್ದಾರಿಗೆ ಹೋಗುವುದಾದರೆ ಸಮಯ ಜಾಸ್ತಿ ಇಟ್ಟುಕೊಳ್ಳಿ.

ತಿಂಡಿಗೆ ಗ್ರಿಟ್ಸ್ ಇತ್ತು. ಜೋಳದ ತರಿಯ ಗಂಜಿ ಅನ್ನಬಹುದು. ಸಪ್ಪೆ. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ, ಮೇಲೆ ಒಂದು ತುಂಡು ಬೆಣ್ಣೆ ಹಾಕಿ ಕಲಸಿದೆ. ಉಪ್ಪಿಟ್ಟಿನ ಅಣ್ಣನೋ ತಮ್ಮನೋ ಅನ್ನುವ ಹಾಗೆ ರುಚಿಯಾಯಿತು. ನರ್ಸ್ ಒಂದು ಚಮಚ ಕೇಳಿದರು. ಗುರುವಾರದ ಹೊತ್ತಿಗೆ ಡಬ್ಬಿ ಖಾಲಿ.

ಮೊದಲ ಆಟ. ಡಗ್‌ಔಟ್‌ನಲ್ಲಿ, ಅಂದರೆ ಆಟಗಾರರು ಕೂರುವ ಆ ತಗ್ಗಿನ ಜಾಗದಲ್ಲಿ, ಎಲ್ಲರ ಬಾಯಲ್ಲೂ ಸೂರ್ಯಕಾಂತಿ ಬೀಜ. ಸಿಪ್ಪೆ ಉಗಿಯುತ್ತಲೇ ಇರುತ್ತಾರೆ. ಕಾಲಿಟ್ಟಲ್ಲೆಲ್ಲ ಕರಕರ ಸದ್ದು. ಒಮ್ಮೆ ಅಪ್ಪ ಡೆಟ್ರಾಯ್ಟಿನ ಹಳೇ ಟೈಗರ್ ಸ್ಟೇಡಿಯಂಗೆ ಕರೆದುಕೊಂಡು ಹೋಗಿದ್ದರು. 1999ರಲ್ಲಿ ಆಟ ನಿಂತು, ಆಮೇಲೆ ಕೆಡವಿದರಲ್ಲ, ಅದು. ಅಲ್ಲಿ ಮೆಟ್ಟಿಲ ತುಂಬ ಕಡಲೆಕಾಯಿ ಸಿಪ್ಪೆ. ಅಪ್ಪ ಅದರ ಮೇಲೆ ನಡೆಯುತ್ತಾ, "ನಮ್ಮ ಪರಿಷೆ ಥರಾನೇ ಇದೆ ಅಲ್ವಾ" ಅಂದಿದ್ದರು. ದೊಡ್ಡ ಬಸವಣ್ಣನ ಗುಡಿ, ಕಾರ್ತಿಕ ಸೋಮವಾರ, ರಸ್ತೆಯ ಎರಡೂ ಕಡೆ ಕಡಲೆಕಾಯಿ ರಾಶಿ. ಅಮೆರಿಕದಲ್ಲಿ ಅಪ್ಪ ಅಷ್ಟು ಆರಾಮಾಗಿ ಇದ್ದದ್ದನ್ನು ನಾನು ನೋಡಿದ್ದೇ ಕಡಿಮೆ. ಅವರು ಹೋಗಿ ಆರು ವರ್ಷ ಆಯಿತು.

ಎರಡನೇ ಸಲ ಬ್ಯಾಟ್ ಮಾಡಿದಾಗ ಚೆಂಡು ತಾಗಿತು. ಮೂರನೇ ಬೇಸಿನ ಕಡೆ ಉರುಳಿತು. ಓಡಿದೆ. ಮೊದಲ ಬೇಸು ಮುಟ್ಟಿದ ಮೇಲೆ ನೋಡಿದರೆ ಬ್ಯಾಟ್ ಇನ್ನೂ ಕೈಯಲ್ಲೇ ಇದೆ. ಬೇಸ್‌ಬಾಲ್‌ನಲ್ಲಿ ಹೊಡೆದ ತಕ್ಷಣ ಬ್ಯಾಟ್ ಕೆಳಗೆ ಬಿಟ್ಟು ಓಡಬೇಕು. ನಾನು ಕಲಿತದ್ದು ಬಸವನಗುಡಿಯ ಗಲ್ಲಿಯ ಟೆನಿಸ್ ಬಾಲ್ ಕ್ರಿಕೆಟ್, ಅಲ್ಲಿ ಬ್ಯಾಟ್ ಬಿಟ್ಟರೆ ರನ್ ಔಟ್. ನಲವತ್ತು ವರ್ಷವಾದರೂ ಕೈ ಅದನ್ನು ಮರೆತಿಲ್ಲ.

ನಮ್ಮ ಕೋಚ್ ಹತ್ತಾರು ವರ್ಷ ದೊಡ್ಡ ಲೀಗ್‌ನಲ್ಲಿ ಆಡಿದವರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಮಾತಾಡಿದ್ದು ಸ್ನೇಹದಲ್ಲಿ. ಆಟ ಮುಗಿದ ಮೇಲೆ ಬಂದು, ಬ್ಯಾಟ್ ಯಾಕೆ ಬಿಡಲಿಲ್ಲ ಅಂತ ಕೇಳಿದರು. ಹೇಳಿದೆ. ಅವರಿಗೆ ಕುತೂಹಲ ಬಂತು. ಬೌಲಿಂಗ್ ತೋರಿಸು ಅಂದರು. ಬೇಸ್‌ಬಾಲ್ ಚೆಂಡು ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಹೊಲಿಗೆಯೂ ಬೇರೆ ಥರ. ಆದರೂ ಹತ್ತು ಹೆಜ್ಜೆ ಓಡಿ, ಕೈ ತಿರುಗಿಸಿ ಒಂದು ಲೆಗ್ ಸ್ಪಿನ್ ಹಾಕಿದೆ. ನೆಲಕ್ಕೆ ಬಿದ್ದು ಸ್ವಲ್ಪ ತಿರುಗಿತು. ಅವರು ಹೋಗಿ ಚೆಂಡು ಬಿದ್ದ ಗುರುತನ್ನು ಬಗ್ಗಿ ನೋಡಿದರು. ನೆಲವನ್ನೂ ಆಟಕ್ಕೆ ಸೇರಿಸಿಕೊಳ್ಳುತ್ತೀರಿ, ಇದು ನಮಗೆ ಹೊಳೆಯಲೇ ಇಲ್ಲವಲ್ಲ ಅಂದರು. ನಂತರ ಇಪ್ಪತ್ತು ನಿಮಿಷ ನನ್ನೊಬ್ಬನಿಗೇ ಎರಡನೇ ಬೇಸಿನ ಕಾಲಿನ ಲೆಕ್ಕ ಹೇಳಿಕೊಟ್ಟರು. ಎಡಗಾಲು ಬೇಸಿನ ಮೇಲೆ. ಚೆಂಡು ಬಂದ ಕೂಡಲೇ ಬಲಗಾಲು ಊರು. ಎಸೆ. ಓಡಿಬರುವವನನ್ನು ನೋಡಬೇಡ, ಅವನು ನಿನ್ನ ಕೆಲಸ ಅಲ್ಲ.

ಮಧ್ಯಾಹ್ನದ ಆಟದಲ್ಲಿ ಮೂರನೇ ಸ್ಟ್ರೈಕ್ ಬಂದಾಗ ನಾನು ಬ್ಯಾಟ್ ಬೀಸಲೇ ಇಲ್ಲ. ಸುಮ್ನೆ ನಿಂತುಬಿಟ್ಟೆ. ಚೆಂಡು ಹೊರಗೆ ಹೋಗುತ್ತೆ ಅನ್ನಿಸಿತ್ತು.

ರಾತ್ರಿ ಅಮ್ಮನಿಗೆ ಫೋನ್. ದಿನಾ ರಾತ್ರಿ ಆಟ ಹೇಳಬೇಕು, ಅವಳು ಬರೆದುಕೊಳ್ಳಬೇಕು ಅಂತ ಮೊದಲೇ ಮಾತಾಗಿತ್ತು. ಪೆನ್ನಿನ ಸದ್ದು ಕೇಳುತ್ತಿತ್ತು. ಆ ಮೂರನೇ ಸ್ಟ್ರೈಕ್ ಹೇಳಿದೆ.

"ರಸ್ತೆ ಬದಿ ಮನೆ ಥರ ನಿಂತುಬಿಟ್ಯಾ?"

"ಹೂಂ ಅಮ್ಮ."

"ನಾಳೆ ಬೀಸು. ಔಟಾದರೂ ಪರವಾಗಿಲ್ಲ, ಬೀಸು."

ಬುಧವಾರ

ಬೀಸಿದೆ. ಚೆಂಡು ಬಲಗಡೆ ಇಬ್ಬರ ನಡುವೆ ಹೋಯಿತು, ಒಳ್ಳೇ ಹೊಡೆತ. ಮೊದಲ ಬೇಸು ದಾಟಿ ತಿರುಗುವಾಗ ಬಲತೊಡೆಯ ಹಿಂದೆ ಯಾರೋ ಹಗ್ಗ ಎಳೆದ ಹಾಗಾಯಿತು. ಕುಂಟುತ್ತಾ ಮೊದಲ ಬೇಸಿಗೇ ವಾಪಸ್ ಬಂದೆ. ಉಳಿದ ದಿನವೆಲ್ಲ ಟ್ರೈನರ್ ಕೋಣೆಯಲ್ಲಿ.

ಆ ಕೋಣೆಯ ಬಗ್ಗೆ ಹೇಳಲೇಬೇಕು. ಬೆಳಿಗ್ಗೆ ಆರೂವರೆಗೇ ಸಾಲು ನಿಂತಿರುತ್ತದೆ. ಭುಜ, ಮಂಡಿ, ಸೊಂಟ, ಮತ್ತೆ ಎಲ್ಲಕ್ಕಿಂತ ಜಾಸ್ತಿ ತೊಡೆಯ ಹಿಂಭಾಗ. ಐಸ್ ಚೀಲ ಕಟ್ಟಿಸಿಕೊಂಡು ಪಕ್ಕಪಕ್ಕ ಕೂತವರು ಏನೇನು ಮಾತಾಡುತ್ತಾರೆ ಗೊತ್ತಾ? ಒಬ್ಬರು ಹೆಂಡತಿ ತೀರಿಕೊಂಡ ಮೇಲೆ ಮೊದಲ ಸಲ ಮನೆ ಬಿಟ್ಟು ಬಂದವರು. ಇನ್ನೊಬ್ಬರು ಮಗನ ಜೊತೆ ಬಂದಿದ್ದಾರೆ, ಅಪ್ಪ ಮಗ ಬೇರೆ ಬೇರೆ ತಂಡ. ಒಬ್ಬರಿಗೆ ಹದಿನೇಳನೇ ವಯಸ್ಸಿನಲ್ಲಿ ದೊಡ್ಡ ತಂಡದ ಕಡೆಯಿಂದ ಕಾಗದ ಬಂದಿತ್ತಂತೆ, ಅಪ್ಪನ ಹೊಲ ನೋಡಿಕೊಳ್ಳಬೇಕಾಯಿತು, ಹೋಗಲಿಲ್ಲ. ನಾನು ನನ್ನ ಫಾರಂ ಕಥೆ ಹೇಳಿದೆ. ಯಾರೂ ಅಯ್ಯೋ ಅನ್ನಲಿಲ್ಲ. ತಲೆಯಾಡಿಸಿದರು, ಅಷ್ಟೇ. ಅದು ನನಗೆ ಸಾಕಾಗಿತ್ತು.

ಶುಕ್ರವಾರದವರೆಗೆ ಓಡುವ ಹಾಗಿಲ್ಲ ಅಂದರು ಟ್ರೈನರ್. ಶುಕ್ರವಾರ ಪಟ್ಟಿ ಕಟ್ಟಿ ನೋಡೋಣ ಅಂದರು. ಅಮ್ಮನಿಗೆ ಕಾಲಿನ ವಿಷಯ ಹೇಳಲಿಲ್ಲ.

ಗುರುವಾರ

ಬೆಳಿಗ್ಗೆ ಕೂತು ಆಟ ನೋಡಿದೆ, ಮಧ್ಯಾಹ್ನ ಕೋಚ್ ಅವರೇ, ಹೋಗಿ ಊರು ನೋಡಿಕೊಂಡು ಬಾ ಅಂತ ಕಳಿಸಿದರು.

ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಪ್ಲ್ಯಾಂಟ್ ಸಿಟಿ. ಚಳಿಗಾಲದ ಸ್ಟ್ರಾಬೆರಿಗೆ ಹೆಸರುವಾಸಿ. ಜನವರಿಯಲ್ಲಿ ನಮ್ಮ ಮಿಶಿಗನ್ ಅಂಗಡಿಗಳಲ್ಲಿ ಸಿಗುವ ಬಿಳಿಬಿಳಿ ಹಣ್ಣಲ್ಲ, ಒಳಗೂ ಕೆಂಪು. ರಸ್ತೆ ಬದಿಯ ಗಾಡಿಯಲ್ಲಿ ಒಬ್ಬ ಹೆಂಗಸು ಮಾರುತ್ತಿದ್ದರು. ನನ್ನ ಕುಂಟು ನೋಡಿ ಕುರ್ಚಿ ಹಾಕಿಕೊಟ್ಟರು. ರಾತ್ರಿ ತುಂಬಾ ಚಳಿ ಬೀಳುತ್ತೆ ಅನ್ನಿಸಿದರೆ ಗಿಡಗಳಿಗೆ ರಾತ್ರಿಯಿಡೀ ನೀರು ಚಿಮುಕಿಸುತ್ತಾರಂತೆ. ನೀರು ಗಿಡದ ಮೇಲೆ ಹೆಪ್ಪುಗಟ್ಟುತ್ತಾ ಇದ್ದರೆ ಆ ಹೆಪ್ಪುಗಟ್ಟುವ ಕ್ರಿಯೆಯೇ ಬಿಡುವ ಶಾಖ ಹೂವನ್ನು ಕಾಪಾಡುತ್ತದೆ, ನಡುವೆ ನಿಲ್ಲಿಸಿದರೆ ಮಾತ್ರ ಕೆಟ್ಟಿತು. ಅಂಥ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ ಅಂದರು. ಐಸ್ ಹಾಕಿ ಕಾಪಾಡುವುದು! ನನ್ನ ತೊಡೆಗೆ ಕಟ್ಟಿದ್ದ ಐಸ್ ಚೀಲ ತೋರಿಸಿದೆ, ಇಬ್ಬರೂ ನಕ್ಕೆವು. ಎರಡು ಡಬ್ಬ ತೆಗೆದುಕೊಂಡೆ. ಒಂದು ಅಲ್ಲೇ ಮುಗಿಯಿತು.

ವಾಪಸ್ ಬರುವಾಗ ಲೇಕ್ ಮಾರ್ಟನ್ ದಂಡೆಯಲ್ಲಿ ಕೂತೆ. ಲೇಕ್‌ಲ್ಯಾಂಡಿಗೆ ಹೋದವರು ಇದೊಂದನ್ನು ಬಿಡಬೇಡಿ. ಕೆರೆ ತುಂಬ ಹಂಸಗಳು. ಮೊದಲಿದ್ದವುಗಳನ್ನು ಮೊಸಳೆ, ನಾಯಿಗಳು ತಿಂದು ಮುಗಿಸಿದ್ದವಂತೆ. 1957ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಒಂದು ಜೋಡಿ ಕಳಿಸಿಕೊಟ್ಟರು. ಈಗಿರುವವು ಆ ಜೋಡಿಯ ವಂಶ. ಬೆಂಚಿನ ಮೇಲಿದ್ದ ಒಬ್ಬ ತಾತ ಇದನ್ನೆಲ್ಲ ಹೇಳಿ, ನೀವು ಯಾಕೆ ಬಂದಿರಿ ಅಂದರು. ಬೇಸ್‌ಬಾಲ್ ಆಡಲು ಅಂದೆ. ಅವರು ನನ್ನ ಕಾಲು ನೋಡಿದರು, ಮುಖ ನೋಡಿದರು. "ನಾಳೆ ಆಡ್ತೀರಾ?" ಅಂದರು.

"ಆಡ್ತೀನಿ."

"ಹಾಗಾದರೆ ಇಲ್ಲೇ ಕೂತ್ಕೊಳ್ಳಿ, ನಡೆದಾಡಬೇಡಿ" ಅಂತ ಹೇಳಿ ನನಗೆ ನೀರು ತರಲು ತಾವೇ ಎದ್ದರು.

ರಾತ್ರಿ ಕ್ಯೂಬಾದವರ ಒಂದು ಸಣ್ಣ ಹೋಟೆಲಿನಲ್ಲಿ ಅನ್ನ, ಕಪ್ಪು ಕಾಳಿನ ಸಾರು, ಕರಿದ ಹಣ್ಣುಬಾಳೆ. ಮಾಂಸ ತಿನ್ನದವರಿಗೆ ಈ ಕಡೆ ಇದಕ್ಕಿಂತ ಒಳ್ಳೇ ಊಟ ಇಲ್ಲ. ಕಾಳನ್ನು ಹಂದಿಮಾಂಸ ಹಾಕದೆ ಬೇಯಿಸಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ.

ಶುಕ್ರವಾರ

ಟ್ರೈನರ್ ತೊಡೆಗೆ ಬಿಗಿಯಾಗಿ ಪಟ್ಟಿ ಸುತ್ತಿದರು. ಬ್ಯಾಟ್ ಮಾಡಿದರೆ ಬೇರೆಯವರು ಓಡಬಹುದು, ಕ್ಯಾಂಪಿನಲ್ಲಿ ಅದಕ್ಕೆ ಅವಕಾಶ ಇದೆ. ಮೈದಾನದಲ್ಲಿ ನಿಲ್ಲುವುದು ನನಗೆ ಬಿಟ್ಟದ್ದು ಅಂದರು. ಕೋಚ್ ಆಟದ ಪಟ್ಟಿ ಗೋಡೆಗೆ ಅಂಟಿಸಿದ್ದರು. ನನ್ನ ಹೆಸರಿನ ಮುಂದೆ 4.

ಬಿಸಿಲು ಚೆನ್ನಾಗಿತ್ತು. ನೀರು ಹಾಕಿದ ಮಣ್ಣಿನ ವಾಸನೆ. ಬೇಸುಗಳ ನಡುವೆ ಹುಲ್ಲಿಲ್ಲದ ಕೆಂಪು ಮಣ್ಣು, ಬೂಟಿನ ಮೊಳೆಗೆ ಅಂಟಿಕೊಳ್ಳುತ್ತೆ. ಮೂರು ಇನ್ನಿಂಗ್ಸ್ ನನ್ನ ಕಡೆ ಚೆಂಡೇ ಬರಲಿಲ್ಲ. ಐದನೇ ಇನ್ನಿಂಗ್ಸ್. ನಾವು ಒಂದು ರನ್ ಮುಂದೆ. ಅವರದು ಒಬ್ಬರು ಔಟ್, ಮೊದಲ ಬೇಸಿನಲ್ಲಿ ಒಬ್ಬ. ಪೋಸ್ಟ್‌ಮ್ಯಾನ್ ನನ್ನ ಕಡೆ ತಿರುಗಿ ಗ್ಲೌಸ್ ಮರೆಯಲ್ಲಿ ಬಾಯಿ ತೋರಿಸಿದರು. ಬಾಯಿ ಮುಚ್ಚಿದ್ದರೆ ಅವರು, ತೆರೆದಿದ್ದರೆ ನಾನು ಬೇಸಿಗೆ ಹೋಗಬೇಕು ಅಂತ ಸಂಜ್ಞೆ. ತೆರೆದಿತ್ತು.

ಚೆಂಡು ಅವರ ಕಡೆಗೇ ಉರುಳಿತು, ಜೋರಾಗೂ ಅಲ್ಲ, ನಿಧಾನವೂ ಅಲ್ಲ. ನಾನು ಬೇಸಿಗೆ ಹೋದೆ. ಓಡಿದೆನೋ ಕುಂಟಿದೆನೋ ಗೊತ್ತಿಲ್ಲ. ಎಡಗಾಲು ಬೇಸಿಗೆ ತಾಗಿತು. ಪೋಸ್ಟ್‌ಮ್ಯಾನ್ ಎದೆಯ ಮಟ್ಟಕ್ಕೆ ಕೊಟ್ಟರು, ಕಾಗದ ಕೈಗಿಟ್ಟ ಹಾಗೆ. ಓಡಿಬರುತ್ತಿದ್ದವನ ಉಸಿರು ಕೇಳುತ್ತಿತ್ತು. ನೋಡಲಿಲ್ಲ. ಬಲಗಾಲು ಊರಿದೆ. ತೊಡೆ ಉರಿಯಿತು. ಎಸೆದೆ.

ಮೊದಲ ಬೇಸಿನವರು ಕೈ ಚಾಚಿ ಹಿಡಿದರು. ಅಂಪೈರ್ ಮುಷ್ಟಿ ಎತ್ತಿದರು. ಔಟ್.

ನರ್ಸ್ ಕೂಗಿದ್ದು ಕೆರೆ ಆಚೆಗೂ ಕೇಳಿಸಿರಬೇಕು. ಪೋಸ್ಟ್‌ಮ್ಯಾನ್ ಬಂದು ನನ್ನ ತಲೆಗೆ ಗ್ಲೌಸಿನಿಂದ ಬಡಿದರು. ಒಂಬತ್ತು ಸಲ ಬಂದಿದ್ದಾರೆ, ಇದು ಅವರಿಗೆ ಎರಡನೆಯದಂತೆ. ಕೋಚ್ ಡಗ್‌ಔಟ್ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆ ಚೆಂಡನ್ನು ಇಸಿದುಕೊಂಡು ತಂದು ನನ್ನ ಕೈಗೆ ಕೊಟ್ಟರು.

ಆ ಆಟ ಕೊನೆಗೆ ಸೋತೆವು. ಆರನೇ ಇನ್ನಿಂಗ್ಸ್‌ನಲ್ಲಿ ಅವರು ನಾಲ್ಕು ರನ್ ಹೊಡೆದರು.

ಸಂಜೆ ಅಮ್ಮನಿಗೆ ಫೋನ್ ಮಾಡಲು ಕೈ ಹೋಯಿತು. ಮಾಡಲಿಲ್ಲ. ಆಟ ಆಯಿತು, ಚೆನ್ನಾಗಿದ್ದೀನಿ, ಬಂದಮೇಲೆ ಹೇಳ್ತೀನಿ ಅಂತ ಮೆಸೇಜ್ ಕಳಿಸಿದೆ. ಇದನ್ನು ಎದುರಿಗೆ ಕೂತು ಹೇಳಬೇಕಿತ್ತು.

ಶನಿವಾರ

ಕೊನೆಯ ದಿನ ದೊಡ್ಡ ಸ್ಟೇಡಿಯಂನಲ್ಲಿ, ಹಳೇ ಆಟಗಾರರ ವಿರುದ್ಧ. ಜೋಕರ್ ಮಾರ್ಚಂಟ್ ಸ್ಟೇಡಿಯಂ. 1966ರಲ್ಲಿ ಕಟ್ಟಿದ್ದು. ಜೋಕರ್ ಅನ್ನುವುದು ಊರಿನ ಪಾರ್ಕು, ಮೈದಾನಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರ ಅಡ್ಡಹೆಸರು. ಒಬ್ಬ ಪಾರ್ಕಿನ ಅಧಿಕಾರಿಯ ಹೆಸರನ್ನು ಸ್ಟೇಡಿಯಂಗೆ ಇಟ್ಟ ಊರು ನನಗೆ ಇಷ್ಟವಾಯಿತು.

ಧ್ವನಿವರ್ಧಕದಲ್ಲಿ ಒಬ್ಬೊಬ್ಬರ ಹೆಸರು ಕೂಗುತ್ತಾರೆ. ನನ್ನ ಹೆಸರನ್ನು ಸರಿಯಾಗಿ ಹೇಳಲಿ ಅಂತ ಆ ಹುಡುಗ ಬೆಳಿಗ್ಗೆಯೇ ಬಂದು ಮೂರು ಸಲ ಕೇಳಿಕೊಂಡು ಹೋಗಿದ್ದ. ಸರಿಯಾಗಿ ಹೇಳಿದ. ಖಾಲಿ ಕುರ್ಚಿಗಳಿಗೆ ತಾಗಿ ಹೆಸರು ವಾಪಸ್ ಬಂತು.

ನನಗೆ ಸಿಕ್ಕಿದ್ದು ಒಂದೇ ಸಲ ಬ್ಯಾಟಿಂಗ್. ಪಿಚರ್ ನಿಲ್ಲುವ ದಿಬ್ಬದಿಂದ ನನ್ನವರೆಗೆ 60 ಅಡಿ 6 ಇಂಚು. ಎಪ್ಪತ್ತರ ಹತ್ತಿರದ ತೋಳು ಅದು, ಆದರೂ ಚೆಂಡು ಬಂದು ಕೊನೆಯ ಗಳಿಗೆಯಲ್ಲಿ ಕೆಳಗೆ ಜಾರುತ್ತಿತ್ತು. ಮೊದಲನೆಯದು ಬೀಸಿದೆ, ಸಿಗಲಿಲ್ಲ. ಎರಡನೆಯದು ತಾಗಿ ಹಿಂದಕ್ಕೆ ಹೋಯಿತು. ಎರಡು ಸ್ಟ್ರೈಕ್. ಮೂರನೆಯದು ಮಂಗಳವಾರದ ಹಾಗೇ ಹೊರಗೆ ಹೋಗುತ್ತೆ ಅನ್ನಿಸಿತು. ಬೀಸಿದೆ. ಸರಿಯಾಗಿ ಕೂತಿತು. ನೇರ ಮೇಲಕ್ಕೆ ಹೋಗಿ ನಡುಮೈದಾನದವರ ಕೈಗೆ ಬಿತ್ತು. ಬ್ಯಾಟ್ ಕೆಳಗೆ ಬಿಟ್ಟಿದ್ದೆ. ಬೇರೆಯವರು ಓಡಲು ಬಂದಿದ್ದರು, ಅವರನ್ನು ತಡೆದು ನಾನೇ ಮೊದಲ ಬೇಸಿನವರೆಗೂ ಹೋಗಿ ಅದನ್ನು ಮುಟ್ಟಿ ಬಂದೆ.

ಲಾಕರ್ ಕೋಣೆಯಲ್ಲಿ ರಾತ್ರಿಯೆಲ್ಲ ನಮ್ಮ ಬಟ್ಟೆ ಒಗೆದು, ಬೂಟು ಒರೆಸಿ ಇಡುತ್ತಿದ್ದ ಹುಡುಗರಿಗೆ ಕೊನೆಯ ದಿನ ಕೈತುಂಬ ಟಿಪ್ಸ್ ಕೊಡಬೇಕು, ಇದು ಇಲ್ಲಿನ ಪದ್ಧತಿ. ನಗದು ಇಟ್ಟುಕೊಂಡು ಹೋಗಿ. ಅವರು ದಿನಾ ನಮಗಿಂತ ಮೊದಲು ಬಂದು, ನಾವು ಹೋದಮೇಲೆ ಹೋಗುತ್ತಿದ್ದರು.

ಭಾನುವಾರ, ವಾಪಸ್

ಡೆಟ್ರಾಯ್ಟಿನಲ್ಲಿ ಮತ್ತೆ ಹಿಮ ಬೀಳುತ್ತಿತ್ತು. ಅಮ್ಮ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ನಾನು ನಡೆದು ಬರುವುದನ್ನು ಗಾಜಿನೊಳಗಿಂದ ನೋಡಿದಳು.

"ಕಾಲಿಗೆ ಏನಾಯ್ತೋ?"

"ಬುಧವಾರ ಸ್ವಲ್ಪ ಎಳೀತು ಅಮ್ಮ."

"ಬುಧವಾರ! ನನಗೆ ಹೇಳಲಿಲ್ಲ."

ಹೆದ್ದಾರಿಗೆ ಬಂದಮೇಲೆ ತಡೆಯಲಾಗಲಿಲ್ಲ. "ಅಮ್ಮ, ಶುಕ್ರವಾರ ಏನಾಯ್ತು ಗೊತ್ತಾ..." ಅಂತ ಶುರುಮಾಡಿದೆ.

"ಈಗ ಬೇಡ. ರೋಡು ಜಾರುತ್ತೆ" ಅಂದಳು. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ಮುಂದೆ.

ಮನೆಗೆ ಬಂದು ಕೈಕಾಲು ತೊಳೆದೆ. ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಸ್ಟ್ರಾಬೆರಿ ಡಬ್ಬ ಮೇಜಿನ ಮೇಲಿಟ್ಟೆ, ಅರ್ಧ ಹಣ್ಣು ಮೆತ್ತಗಾಗಿದ್ದವು. ಚೆಂಡನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು, ಪುಸ್ತಕ ತೆಗೆದು, ಶುಕ್ರವಾರದ ತಾರೀಕು ಬರೆದು, ಕೆಳಗೆ ಗೆರೆ ಎಳೆದಳು.

"ಹ್ಞಾಂ, ಈಗ ಹೇಳು. ಮೊದಲನೇ ಇನ್ನಿಂಗ್ಸ್‌ನಿಂದ."